ಟೊಲೆಡೋದಲ್ಲಿ ವಿಜಯದಶಮಿ

ನವರಾತ್ರಿಯ ಗೊಂಬೆ ಇಳಿಸಲೆಂದು ಅಟ್ಟಕ್ಕೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಗೊಂಬೆಯ ಪೆಟ್ಟಿಗೆಯಲ್ಲ, ನೀಲಿ ಬಣ್ಣದ ಸೂಟ್‌ಕೇಸು. ಧೂಳು ಒರೆಸಿ ಜಿಪ್ ಎಳೆದೆ. ಘಮ್ಮೆಂದು ಬಂಡಾರದ ವಾಸನೆ ಮೂಗಿಗೆ ಹೊಡೆಯಿತು. ಬಂಡಾರವೆಂದರೆ ನಮ್ಮ ಚೌಡಮ್ಮನ ಗುಡಿಯಲ್ಲಿ ಕೊಡುವ ಅರಿಶಿನದ ಪುಡಿ. ಫಾರಿನ್‌ಗೆ ಹೋಗಿ ಬಂದವರ ಸೂಟ್‌ಕೇಸಿನಲ್ಲಿ ಚಾಕಲೇಟು, ಸೆಂಟು ಇವುಗಳ ವಾಸನೆ ಇರುತ್ತದಂತೆ. ಸ್ಪೇನ್ ದೇಶ ಸುತ್ತಿ ಬಂದ ನನ್ನ ಸೂಟ್‌ಕೇಸಿನಲ್ಲಿ ಗುಡಿಯ ವಾಸನೆ! ಗೊಂಬೆ ಮರೆತು ಏಣಿಯ ಮೇಲೆಯೇ ನಿಂತೆ.

ನಾವು ಕೊಯಮತ್ತೂರಿನ ಕಡೆಯ ನೆಗಮಂ ಊರಿನ ದೇವಾಂಗದವರು, ನೇಯುವ ಜನ. ಹಿಂದೆ ಮನೆ ತುಂಬ ಕೈಮಗ್ಗ, ಈಗ ಸೀರೆ ವ್ಯಾಪಾರ. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ನಮ್ಮಲ್ಲಿ ಕನ್ನಡ ಓದಲು ಬರುವವರು ಕಡಿಮೆ. ನನ್ನ ತಾಯಿಯ ತವರು ಕೊಳ್ಳೇಗಾಲ, ಹಾಗಾಗಿ ರಜೆಗೆ ಹೋದಾಗಲೆಲ್ಲ ಅಜ್ಜ ಕೈ ಹಿಡಿದು ಅಕ್ಷರ ತಿದ್ದಿಸಿದ್ದರು. ಇಲ್ಲದಿದ್ದರೆ ಇದನ್ನೂ ತಮಿಳಿನಲ್ಲೇ ಬರೆಯುತ್ತಿದ್ದೆನೇನೋ.

ವಿಜಯದಶಮಿಯಂದು ನಮ್ಮಲ್ಲಿ ಕತ್ತಿ ಹಾಕುತ್ತಾರೆ. ಒಮ್ಮೆ ಚೌಡಮ್ಮ ಮಕ್ಕಳ ಮೇಲೆ ಮುನಿದು ಬಾವಿಯ ಬಳಿಯೇ ನಿಂತುಬಿಟ್ಟಳಂತೆ, ಎಷ್ಟು ಕರೆದರೂ ಬರಲಿಲ್ಲವಂತೆ. ಮಕ್ಕಳು ಕತ್ತಿ ಹಿಡಿದು ತಮ್ಮ ಎದೆಗೇ ಹೊಡೆದುಕೊಂಡರು. ರಕ್ತ ಕಂಡು ತಾಯಿಯ ಕರುಳು ಕರಗಿತು, ಹಿಂದೆಯೇ ನಡೆದು ಬಂದಳು. ಆದ್ದರಿಂದ ಇಂದಿಗೂ ಕಳಶ ಬಾವಿಯಿಂದ ಗುಡಿಗೆ ಬರುವಾಗ ಗಂಡಸರು ಬರಿ ಎದೆಯಲ್ಲಿ ಕತ್ತಿ ಬೀಸಿಕೊಳ್ಳುತ್ತ "ತೀಸ್ಕೋ ತಾಯೇ" ಎಂದು ಕೂಗುತ್ತ ಮುಂದೆ ಕುಣಿಯುತ್ತಾರೆ. ತಗೋ ತಾಯೇ ಎಂದು ಅರ್ಥ. ಗಾಯದ ಮೇಲೆ ಬಂಡಾರ ಮೆತ್ತುತ್ತಾರೆ. ಕತ್ತಿ ಹಾಕುವವನು ನವರಾತ್ರಿಯ ಮೊದಲ ದಿನ ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿಕೊಳ್ಳಬೇಕು. ಅದೇ ಕಾಪು. ಕಾಪು ಕಟ್ಟಿದ ಮೇಲೆ ಒಪ್ಪೊತ್ತು, ನೆಲದ ಮೇಲೆ ನಿದ್ದೆ, ಊರಿನ ಎಲ್ಲೆ ದಾಟುವಂತಿಲ್ಲ. ಕಟ್ಟಿದವನು ಕತ್ತಿ ಹಾಕದೆ ಬಿಚ್ಚುವಂತೆಯೂ ಇಲ್ಲ.

ನಮ್ಮವರು, ಎಂದರೆ ನನ್ನ ಯಜಮಾನರು, ಮೀಸೆ ಮೂಡಿದಾಗಿನಿಂದ ಕತ್ತಿ ಹಾಕಿದವರು. ಮೊದಲ ಏಟು ನಮ್ಮ ಮನೆಯದೇ. ಸ್ಪೇನಿಗೆ ಹೋದ ಆ ವರ್ಷ ಮಾಘದಲ್ಲಿ ಅವರಿಗೆ ಉಸಿರು ಕಟ್ಟಿತು. ಕೊಯಮತ್ತೂರಿನಲ್ಲಿ ಎದೆ ಸೀಳಿ ಕಬ್ಬಿಣದಂಥ ಒಂದು ವಾಲ್ವ್ ಇಟ್ಟರು. ಮನೆಯಲ್ಲಿ ಸದ್ದಿಲ್ಲದಾಗ ಅದು ಕೈಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವುದು ನನಗೂ ಕೇಳಿಸುತ್ತಿತ್ತು. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ರಕ್ತ ತೆಳುವಾಗಿಸುವ ಮಾತ್ರೆ, ದಿನಾ, ಜೀವ ಇರುವವರೆಗೆ. "ಕ್ಷೌರ ಮಾಡುವಾಗ ಕುಯ್ದರೂ ನನಗೆ ಫೋನ್ ಮಾಡಿ" ಎಂದಿದ್ದರು ಡಾಕ್ಟರ್. ಕತ್ತಿಯ ವಿಷಯ ಎತ್ತಿದಾಗ ಪೆನ್ನು ಕೆಳಗಿಟ್ಟು ನಮ್ಮವರ ಮುಖವನ್ನೇ ನೋಡಿದರು. "ಮಾತ್ರೆ ತಗೊಂಡು ಕತ್ತಿ ಹಾಕಿದ್ರೆ ರಕ್ತ ನಿಲ್ಲಲ್ಲ. ಮಾತ್ರೆ ಬಿಟ್ಟು ಹಾಕಿದ್ರೆ ವಾಲ್ವ್ ನಿಲ್ಲುತ್ತೆ. ಎರಡರಲ್ಲಿ ಯಾವುದು ಬೇಕು?" ಅತ್ತ ದರಿ, ಇತ್ತ ಪುಲಿ.

ನವರಾತ್ರಿ ಹತ್ತಿರ ಬಂದಂತೆ ನಮ್ಮವರು ಮಾತು ಕಡಿಮೆ ಮಾಡಿದರು. ಊರಲ್ಲಿದ್ದರೆ ತಮಟೆ ಸದ್ದಿಗೆ ಇವರ ಕೈ ಸುಮ್ಮನಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಮಗ ಸೆಂದಿಲ್ ಒಂದು ಉಪಾಯ ಹೂಡಿದ. ಹಬ್ಬದ ದಿನಗಳಲ್ಲೇ ನಮ್ಮಿಬ್ಬರನ್ನು ಟೂರ್ ಕಳಿಸುವುದು. ಸಿಂಗಾಪುರ, ಟರ್ಕಿ, ಸ್ಪೇನ್, ಮೂರು ಬಣ್ಣದ ಪುಸ್ತಕ ತಂದು ಅಪ್ಪನ ಮುಂದೆ ಹರಡಿದ. ಜಗಳವಾಗುತ್ತದೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮವರು ನಿಧಾನವಾಗಿ ಹಾಳೆ ತಿರುವಿ, ಸ್ಪೇನಿನ ಪುಸ್ತಕದ ಮೇಲೆ ಬೆರಳಿಟ್ಟರು.

"ಇಲ್ಲಿಗೇ ಓಗಾನ" ಎಂದರು.

ಅಷ್ಟು ಸುಲಭವಾಗಿ ಒಪ್ಪಿದ್ದೇಕೆಂದು ಆಗಲೇ ಯೋಚಿಸಬೇಕಿತ್ತು. ನಾನೋ ಸ್ವೆಟರು, ಹಪ್ಪಳ, ಅನ್ನಕ್ಕೆ ಕಲಸುವ ಬೇಳೆಯ ಪರುಪ್ಪು ಪುಡಿ ಎಂದು ಸೂಟ್‌ಕೇಸು ತುಂಬುವ ಸಂಭ್ರಮದಲ್ಲಿ ಮುಳುಗಿದೆ.

ಗುಂಪಿನಲ್ಲಿ ಎಲ್ಲರೂ ಕೊಯಮತ್ತೂರು, ತಿರುಪ್ಪೂರಿನ ಕಡೆಯವರು. ನಮ್ಮನ್ನು ನಡೆಸಲು ಅರುಳ್ ಎಂಬ ಹುಡುಗ, ಕೈಯಲ್ಲಿ ಸದಾ ಹಳದಿ ಕೊಡೆ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೆ ಸರಸ್ವತಿ ಅಕ್ಕ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಅವರ ಯಜಮಾನರದು ಪಂಪ್ ವರ್ಕ್‌ಶಾಪ್. ಬಾಯಿ ಮುಚ್ಚಿದರೆ ಪಾಪ ಬರುತ್ತದೆಂದು ನಂಬಿದ ಹೆಂಗಸು, ಆದರೆ ಮನಸ್ಸು ಬೆಣ್ಣೆ. ಮ್ಯಾಡ್ರಿಡ್‌ನಲ್ಲಿ ಇಳಿದ ಮರುದಿನ ಸೆಗೋವಿಯಾಕ್ಕೆ ಹೋದೆವು. ಊರಿನ ನಡುವೆ ಕಲ್ಲಿನ ಕಮಾನುಗಳ ಮೇಲೆ ಕಮಾನು, ಆಕಾಶದಲ್ಲಿ ನೀರು ಹರಿಸಿದ ಕಾಲುವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಆತು ನಿಂತು ಸಾವಿರಾರು ವರ್ಷವಾಯಿತೆಂದು ಅರುಳ್ ಹೇಳಿದ.

"ನೋಡು ಅಮ್ಮಿಣಿ, ಒಂದು ಕಲ್ಲು ಎಳುದ್ರೆ ಎಲ್ಲಾ ಬುದ್ದೋಗ್ತದೆ" ಎಂದು ನಮ್ಮವರು ಕೈ ಎತ್ತಿ ತೋರಿಸಿದರು. ಸ್ವೆಟರಿನ ತೋಳು ಜಾರಿತು. ಮಣಿಕಟ್ಟಿನಲ್ಲಿ ಹಳದಿ ದಾರ, ದಾರದಲ್ಲಿ ಅರಿಶಿನದ ಕೊಂಬು.

ಕಮಾನೆಲ್ಲ ನನ್ನ ತಲೆಯ ಮೇಲೆ ಬಿದ್ದಂತಾಯಿತು. "ಏನುಂಗ ಇದು?" ಎಂದೆ. ನಮ್ಮ ಕಡೆ ಹೆಂಡತಿ ಗಂಡನನ್ನು ಕರೆಯುವುದು ಹೀಗೇ, ಗಂಡ ಹೆಂಡತಿಯನ್ನು ಅಮ್ಮಿಣಿ ಎನ್ನುವ ಹಾಗೆ.

"ಕಾಪು."

"ಕಾಪು ಕಟ್ಕೊಂಡು ಎಲ್ಲೆ ದಾಟಬಾರ್ದು ಅಂತ ನಿಮಗೆ ನಾನು ಏಳ್ಬೇಕಾ?"

"ಊರ್ನಲ್ಲಿ ಕಟ್ಲಿಲ್ಲ. ಇಲ್ಲಿ ಬಂದ್ಮೇಲೆ ರೂಮ್ನಲ್ಲಿ ಕಟ್ಕೊಂಡೆ. ಇನ್ನು ಈ ದೇಶದ ಎಲ್ಲೆ ದಾಟಲ್ಲ, ವಿಜಯದಶಮಿ ಆಗೋಗಂಟ."

ನಾವು ಚಾಪೆಯ ಕೆಳಗೆ ತೂರಿದ್ದರೆ ಇವರು ರಂಗೋಲಿಯ ಕೆಳಗೇ ತೂರಿದ್ದರು. ಬಿಚ್ಚಿಸೋಣವೆಂದರೆ ಕೈ ಮುಂದಾಗಲಿಲ್ಲ. ಎಷ್ಟು ಬೈದರೂ ನಾನೂ ಅದೇ ತಾಯಿಯ ಮಗಳು. ಕಟ್ಟಿದ ಕಾಪನ್ನು ಹರಿದರೆ ಮನೆಗೆ ಏನಾದೀತೋ ಎಂಬ ಭಯ ನನ್ನೊಳಗೂ ಕುಳಿತಿತ್ತು. ಕತ್ತಿಯೇ ಇಲ್ಲದ ಊರಲ್ಲಿ ಇವರು ಏನು ತಾನೇ ಮಾಡಿಯಾರು ಎಂದು ಸಮಾಧಾನ ಮಾಡಿಕೊಂಡೆ.

ಆಮೇಲಿನ ಊರುಗಳನ್ನು ನಾನು ಕಣ್ಣಿನಿಂದ ನೋಡಿದ್ದು ಕಡಿಮೆ, ಕಿವಿಯಿಂದ ಕೇಳಿದ್ದೇ ಹೆಚ್ಚು. ಕೋರ್ಡೋಬಾದ ಹಳೆಯ ಮಸೀದಿಯೊಳಗೆ ಕಂಬಗಳ ಕಾಡು. ಕಮಾನುಗಳಿಗೆಲ್ಲ ಕೆಂಪು ಬಿಳಿ ಪಟ್ಟೆ. "ನಮ್ಮ ಸೀರೆ ಅಂಚು ಇದ್ದಂಗದೆ" ಎಂದು ನಮ್ಮವರು ಅದನ್ನೇ ಫೋಟೋ ತೆಗೆದರು. ಎಲ್ಲರೂ ಸುಮ್ಮನಾದಾಗ ಆ ತಂಪಿನಲ್ಲಿ ಟಿಕ್ ಟಿಕ್ ಕೇಳಿಸಿತು. ಅಬ್ಬ ಎನಿಸಿತು. ಸೆವಿಲ್ಲಾದ ಗೋಪುರಕ್ಕೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಹಿಂದೆ ಕುದುರೆ ಹತ್ತಿ ಹೋಗುತ್ತಿದ್ದರಂತೆ. ಬೇಡವೆಂದರೂ ಇವರು ಹತ್ತಿದರು, ಹಿಂದೆಯೇ ನಾನು, ನನ್ನ ಹಿಂದೆ "ಅಯ್ಯೋ ಮುಳಂಗಾಲು" ಎಂದು ಮೊಣಕಾಲು ಹಿಡಿದುಕೊಂಡು ಸರಸ್ವತಿ ಅಕ್ಕ. ಮೇಲೆ ಗಾಳಿ, ಕೆಳಗೆ ಕಿತ್ತಳೆ ಗಿಡಗಳ ಅಂಗಳ. ನಾನು ಊರು ನೋಡಲಿಲ್ಲ. ಇವರ ತುಟಿ ನೀಲಿಯಾಗಿದೆಯೋ ಎಂದು ನೋಡುತ್ತ ನಿಂತೆ.

ಮಧ್ಯಾಹ್ನ ಒಂದೇ ಊಟ, ಅದೂ ನಾನು ತಂದ ಪರುಪ್ಪು ಪುಡಿ ಅನ್ನ. ರಾತ್ರಿ ಮೆತ್ತನೆಯ ಹಾಸಿಗೆ ಬಿಟ್ಟು ನೆಲದಲ್ಲಿ ಟವೆಲ್ ಹಾಸಿ ಮಲಗುತ್ತಿದ್ದರು. "ಯಜಮಾನರಿಗೆ ಬೆನ್ನು ನೋವಾ?" ಎಂದು ರೂಮಿನ ನೆಲದಲ್ಲಿ ಟವೆಲ್ ಕಂಡಿದ್ದ ಸರಸ್ವತಿ ಅಕ್ಕ ತಮಿಳಿನಲ್ಲಿ ಕೇಳಿದರು. ಹೂಂ ಎಂದೆ. ನಡುಹಾದಿಯಲ್ಲಿ ನಿಂತು ನಮ್ಮ ತಾಯಿಯ ಕಥೆ ಹೇಳಲು ನನಗೆ ಬಾಯಿ ಬರಲಿಲ್ಲ.

ಗ್ರನಾಡಾದಲ್ಲಿ ನನ್ನ ಸಮಾಧಾನ ಒಡೆಯಿತು. ಬೆಟ್ಟದ ಮೇಲಿನ ಕೆಂಪು ಅರಮನೆ ನೋಡಿ ಬಂದು ರೂಮಿನಲ್ಲಿ ಅವರ ಕೋಟು ಮಡಚುತ್ತಿದ್ದೆ. ಒಳಜೇಬಿನಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಬಂಡಾರ. ಅದರೊಳಗೆ, ಅರಿಶಿನ ಮೆತ್ತಿಕೊಂಡು, ದಿನಾ ನಾನೇ ಅಂಗೈಗೆ ಕೊಟ್ಟಿದ್ದ ಮಾತ್ರೆಗಳು! ಬಾಯಿಗೆ ಹಾಕಿದ ಹಾಗೆ ಮಾಡಿ, ನೀರು ಕುಡಿದು, ಜೇಬಿಗೆ ಇಳಿಸಿದ್ದರು.

"ಯಾವಾಗಿಂದ ಇದು?"

"ಸೆವಿಲ್ಲಾದಿಂದ." ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ರಕ್ತ ನಿಲ್ಬೇಕಲ್ಲ ಅಮ್ಮಿಣಿ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಕತ್ತಿ ಎಲ್ಲಿಂದ ತತ್ತೀರಿ? ಓಟ್ಲಲ್ಲಿ ಸೇಬು ಕುಯ್ಯೋ ಚಾಕುನಾ?"

ಅವರು ಟವೆಲ್ ಹಾಸಿದರು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಸೆಂದಿಲ್‌ಗೆ ಫೋನ್ ಮಾಡಿದೆ. ಅವನು ಡಾಕ್ಟರನ್ನು ಹಿಡಿದು ಕೇಳಿ ತಿಳಿಸಿದ: ಇವತ್ತಿನ ಮಾತ್ರೆ ಇವತ್ತೇ ನುಂಗಿಸಬೇಕು, ಬಿಟ್ಟದ್ದಕ್ಕೆಲ್ಲ ಸೇರಿಸಿ ಹೆಚ್ಚು ಕೊಡಬಾರದು. ಮಾತು ತೊದಲಿದರೆ, ಕೈ ಬಿದ್ದರೆ, ಏದುಸಿರು ಬಂದರೆ ನೇರ ಆಸ್ಪತ್ರೆಗೆ. ಬೆಳಿಗ್ಗೆ ಮಾತ್ರೆಯನ್ನು ಕಿತ್ತಳೆ ರಸದಲ್ಲಿ ಕಲಸಿ ಕೊಟ್ಟೆ. ಗ್ಲಾಸಿನ ತಳವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆಗೇ ತಳ್ಳಿದರು. ಅತ್ತು ನೋಡಿದೆ, ಬೈದು ನೋಡಿದೆ, ನಾನೂ ಊಟ ಬಿಡುತ್ತೇನೆಂದೆ. "ವಿಜಯದಶಮಿ ಆಗ್ಲಿ" ಎನ್ನುವುದೊಂದೇ ಮಾತು.

ವಿಜಯದಶಮಿಯ ಬೆಳಿಗ್ಗೆ ಬಸ್ಸು ಟೊಲೆಡೋದ ದಾರಿ ಹಿಡಿದಿತ್ತು. ಅರ್ಧ ಜನ ತೂಕಡಿಸುತ್ತಿದ್ದರು. ಅರುಳ್ ಮೈಕ್ ಹಿಡಿದು, ಟೊಲೆಡೋ ನದಿ ಸುತ್ತುವರಿದ ಬೆಟ್ಟದ ಮೇಲಿನ ಊರು, ಹಳೆಯ ರಾಜಧಾನಿ, ಬಾದಾಮಿ ಸಿಹಿಗೆ ಹೆಸರುವಾಸಿ ಎಂದೆಲ್ಲ ಹೇಳಿ ಕೊನೆಗೆ, "ಅದಕ್ಕಿಂತ ಹೆಚ್ಚಾಗಿ ಕತ್ತಿಗೆ. ನೂರಾರು ವರ್ಷದಿಂದ ಇಲ್ಲಿಯ ಕತ್ತಿ ಲೋಕಕ್ಕೆಲ್ಲ ಹೋಗಿದೆ. ಬೀದಿ ಬೀದಿಯಲ್ಲಿ ಅಂಗಡಿ ಇದೆ" ಎಂದ.

ಪಕ್ಕಕ್ಕೆ ತಿರುಗಿದೆ. ನಮ್ಮವರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಬಣ್ಣದ ಪುಸ್ತಕದ ಮೇಲೆ ಬೆರಳಿಟ್ಟ ಅವರ ಮುಖ ನೆನಪಾಯಿತು. ಆ ಹಾಳೆಯಲ್ಲಿ ಒಂದು ಕತ್ತಿಯ ಚಿತ್ರವೂ ಇತ್ತು. ಕತ್ತಿಯಿಂದ ದೂರ ಒಯ್ಯುತ್ತೇವೆಂದು ಲಕ್ಷಗಟ್ಟಲೆ ಸುರಿದು, ಕತ್ತಿ ಮಾಡುವ ಊರಿಗೇ ಕರೆತಂದಿದ್ದೆವು.

ಇಳಿದದ್ದೇ ಅವರ ತೋಳಿಗೆ ತೋಳು ಹಾಕಿದೆ. ಬಿಡಲಿಲ್ಲ. ನೋಡಿದವರು ಈ ವಯಸ್ಸಿನಲ್ಲಿ ಎಂಥ ಪ್ರೀತಿ ಎಂದುಕೊಂಡಿರಬೇಕು. ಸರಸ್ವತಿ ಅಕ್ಕನಂತೂ ತಮ್ಮ ಯಜಮಾನರಿಗೆ ನಮ್ಮನ್ನು ತೋರಿಸಿ ಮೊಣಕೈಯಿಂದ ತಿವಿದರು. ಓಣಿಗಳು ನಮ್ಮ ಹಳೆಯ ನೇಕಾರರ ಬೀದಿಗಿಂತ ಕಿರಿದು. ಎರಡೂ ಕಡೆ ಗಾಜಿನ ಹಿಂದೆ ಕತ್ತಿ, ಬೆರಳುದ್ದದ್ದು, ಆಳುದ್ದದ್ದು. ಇವರು ಒಂದನ್ನೂ ತಿರುಗಿ ನೋಡಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ದೊಡ್ಡ ಇಗರ್ಜಿಯೊಳಗೆ ಅವರ ಫೋನ್ ಗುಂಯ್ ಎಂದಿತು. ಮೈದುನ ಬಾಲು ಊರಿನಿಂದ ಕಳಿಸಿದ ವಿಡಿಯೊ. ತಮಟೆ, ಬರಿ ಎದೆಯ ಗಂಡಸರು, ಬಾವಿಯ ಬಳಿ ಕಳಶ. ಕೆಳಗೆ ಬಾಲುವಿನ ದನಿ: "ಅಣ್ಣಾ, ತಾಯಿ ಅಲುಗ್ತಾ ಇಲ್ಲ. ಬಾವಿ ತಾವೇ ನಿಂತವಳೆ."

ಹೀಗೆ ತಡವಾಗುವುದು ಪ್ರತಿವರ್ಷ ಇದ್ದದ್ದೇ. ಆದರೆ ಪ್ರತಿವರ್ಷ ಇವರು ಅಲ್ಲಿರುತ್ತಿದ್ದರು. ಅದೇ ಹೊತ್ತಿಗೆ ನೆಲ ನುಣ್ಣಗಿದ್ದು ಸರಸ್ವತಿ ಅಕ್ಕ ಕಾಲು ಜಾರಿ "ಅಮ್ಮಾ" ಎಂದು ನನ್ನ ಭುಜ ಹಿಡಿದರು. ಅವರನ್ನು ಬೆಂಚಿನ ಮೇಲೆ ಕೂರಿಸಿ ತಿರುಗಿದೆ. ನಮ್ಮವರು ಇಲ್ಲ.

ಹೊರಗೆ ಓಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಕಲ್ಲು ಹಾಸಿನ ಮೇಲೆ, ಆ ಏರು ಓಣಿಯಲ್ಲಿ. ಯಾವ ಅಂಗಡಿ ಎಂದು ಹುಡುಕಲಿ? ಇಲ್ಲೂ ಕತ್ತಿ, ಅಲ್ಲೂ ಕತ್ತಿ. ಯಾರನ್ನು ಯಾವ ಭಾಷೆಯಲ್ಲಿ ಕೇಳಲಿ? ಒಂದು ಅಂಗಡಿಗೆ ನುಗ್ಗಿ "ಮೈ ಹಸ್ಬೆಂಡ್" ಎಂದೆ. ಅವರು ತಲೆಯಾಡಿಸಿದರು. ತಾಯಿ, ನಿನ್ನ ಮಗನನ್ನು ನೀನೇ ಕೊಲ್ಲಬೇಡ ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಓಡುತ್ತಿದ್ದೆ.

ತಿರುವಿನ ಒಂದು ಸಣ್ಣ ಅಂಗಡಿಯ ಹೊಸ್ತಿಲಿನ ಹೊರಗೆ ಒಂದು ಜೊತೆ ಶೂ ಕಂಡಿತು. ನೀಟಾಗಿ ಪಕ್ಕಪಕ್ಕ ಇಟ್ಟು, ಸಾಕ್ಸ್ ಮಡಚಿ ಒಳಗೆ ತುರುಕಿದ ಶೂ. ಇಡೀ ಸ್ಪೇನಿನಲ್ಲಿ ಅಂಗಡಿಯ ಹೊರಗೆ ಪಾದರಕ್ಷೆ ಬಿಡುವ ಮನುಷ್ಯ ಅವತ್ತು ಒಬ್ಬರೇ ಇದ್ದರು. ಕತ್ತಿ ಇದ್ದ ಮನೆ ಅವರಿಗೆ ಗುಡಿ.

ಒಳಗೆ ಹೋದೆ. ಗಲ್ಲಾದಲ್ಲಿ ಒಬ್ಬ ಮುದುಕಿ. ಗೋಡೆಯ ತುಂಬ ಮೊಂಡು ಕತ್ತಿಗಳು, ಅಂದಕ್ಕೆ ತೂಗುಹಾಕುವಂಥವು. ಅವು ಇವರಿಗೆ ಹಿಡಿಸಿರಲಿಲ್ಲ. ಹಿಂದುಗಡೆ ಸಾಣೆಚಕ್ರದ ಮುಂದೆ ಆಕೆಯ ಗಂಡನಿರಬೇಕು, ಅವನು ಆಗಷ್ಟೇ ಸಾಣೆ ಹಿಡಿದ ಕತ್ತಿಯನ್ನು ಇವರ ಕೈಗೆ ಕೊಟ್ಟು ನಗುತ್ತ ನಿಂತಿದ್ದ, ಪಾಪ, ಕತ್ತಿಯ ಬೆಲೆ ಬಲ್ಲ ಗಿರಾಕಿ ಬಂದನೆಂದು. ನಮ್ಮವರು ಹೆಬ್ಬೆರಳಿನಿಂದ ಬಾಯಿ ನೋಡಿದರು. ತಲೆದೂಗಿದರು. ಬಂಡಾರದ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಎಡಗೈಯಿಂದ ಅಂಗಿಯ ಗುಂಡಿ ಬಿಚ್ಚಿದರು. ಸಾಣೆಯವನ ನಗು ಅಲ್ಲೇ ನಿಂತಿತು.

ನಾನು ಕತ್ತಿಗೂ ಎದೆಗೂ ನಡುವೆ ಹೋಗಿ ನಿಂತೆ.

"ಸರಿ ಅಮ್ಮಿಣಿ" ಎಂದರು. ಸರಿ ಎಂದರೆ ಪಕ್ಕಕ್ಕೆ ಸರಿ ಎಂದು.

"ಸರಿಯಲ್ಲ. ಮೊದ್ಲು ನನಗೆ ಆಕಿ."

"ಅರ್ಕೆ ಒತ್ತಿದ್ದೆ ಕಣೆ." ಎತ್ತಿದ ಕತ್ತಿಯನ್ನು ಅವರು ಇಳಿಸಲಿಲ್ಲ. "ಮಯಕ್ಕದ ಸೂಜಿ ಕೊಡೋ ಮುಂಚೆ, ಆ ಆಪರೇಷನ್ ರೂಮ್ನಲ್ಲಿ. ಎಬ್ಬಿಸಿ ಕೂರ್ಸು ತಾಯೇ, ಬರೋ ದಸರಾಕೆ ಕತ್ತಿ ಆಕ್ತೀನಿ ಅಂದೆ. ಅವಳು ಎಬ್ಬಿಸಿದ್ಲು. ನಾನು ಮಾತು ತಪ್ಪಲಾ?"

ಇಷ್ಟು ದಿನ ಇದನ್ನು ಒಬ್ಬರೇ ಹೊತ್ತುಕೊಂಡು ತಿರುಗಿದ್ದರು. ಸಿಟ್ಟೆಲ್ಲ ಇಳಿದು ಹೋಯಿತು. ತೆರೆದ ಅಂಗಿಯೊಳಗೆ ನೋಡಿದೆ. ಗಂಟಲಿನ ಕೆಳಗಿನಿಂದ ಹೊಟ್ಟೆಯವರೆಗೆ ಆಪರೇಷನ್ನಿನ ಗೆರೆ, ಇನ್ನೂ ಕೆಂಪಗೆ. ಆಚೀಚೆ ಹಳೆಯ ಕತ್ತಿಗಳ ಸಣ್ಣ ಸಣ್ಣ ಬಿಳಿ ಗುರುತು. ದಿನಾ ಎಣ್ಣೆ ಹಚ್ಚಿದ್ದು ನಾನೇ, ಆದರೂ ಅದನ್ನು ಆ ದಿನವೇ ಮೊದಲ ಸಲ ಸರಿಯಾಗಿ ಕಂಡೆ.

"ಇದೇನು?" ಎಂದೆ, ಗೆರೆಯ ಮೇಲೆ ಬೆರಳಿಟ್ಟು. "ನಿಮ್ಮ ವಂಶದಲ್ಲಿ ಯಾರಾದ್ರೂ ಇಷ್ಟುದ್ದ ಆಕ್ಕೊಂಡವ್ರೆ? ನಿಮ್ಮಪ್ಪ? ನಿಮ್ಮ ತಾತ?"

"ಅದು ಡಾಕ್ಟ್ರು ಕುಯ್ದದ್ದು. ನಾನು ಆಕ್ಕೊಂಡಿದ್ದಲ್ಲ."

"ಹೌದು, ನೀವು ಆಕ್ಕೊಳ್ಲಿಲ್ಲ. ಅವಳೇ ಆಕಿದ್ಲು. ಈ ವರ್ಷದ ರಕ್ತ ಅವಳು ಮುಂಚೇನೇ ತಗೊಂಡ್ಲು. ಬಂಡಾರ ಮೆತ್ತೋದು ಒಂದು ಬಾಕಿ ಇತ್ತು."

ಯೋಚಿಸಿ ಹೇಳಿದ ಮಾತಲ್ಲ. ಬಾಯಿಗೆ ಬಂತು, ಅಷ್ಟೆ. ಮೇಜಿನ ಮೇಲಿನ ಬಂಡಾರವನ್ನು ಮುಷ್ಟಿಯಲ್ಲಿ ಎತ್ತಿ ಗಂಟಲಿನಿಂದ ಹೊಟ್ಟೆಯವರೆಗೆ ಆ ಗೆರೆಯುದ್ದಕ್ಕೂ ಒತ್ತಿ ಮೆತ್ತಿದೆ. ಹೆಂಗಸರು ಹೀಗೆ ಮಾಡಬಹುದೋ ಇಲ್ಲವೋ, ಕೇಳಲು ಅಲ್ಲಿ ಪೂಜಾರಿ ಇರಲಿಲ್ಲ. "ತೀಸ್ಕೋ ತಾಯೇ!" ಎಂದು ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಗೋಡೆಯ ಕತ್ತಿಗಳು ಸಣ್ಣಗೆ ಝಣ್ ಎಂದವು. ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅಂಗೈಯ ಕೆಳಗೆ ಟಿಕ್ ಟಿಕ್ ಮಾತ್ರ. ಅವರ ಬಲಗೈ ಇನ್ನೂ ಮೇಲೆಯೇ ಇತ್ತು. ನಾನು ಅವರ ಕಣ್ಣು ಬಿಟ್ಟು ಬೇರೇನೂ ನೋಡಲಿಲ್ಲ. ಕತ್ತಿ ನಿಧಾನವಾಗಿ ಕೆಳಗಿಳಿಯಿತು. ಸಾಣೆಯವನು ಮುಂದೆ ಬಂದು ಮಲಗಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಮ್ಮವರು ಅಲ್ಲಿಯ ಸ್ಟೂಲಿನ ಮೇಲೆ ಕುಸಿದು ಕುಳಿತು ಅತ್ತರು. ಆಪರೇಷನ್ ಆದಾಗಲೂ ಅತ್ತಿರಲಿಲ್ಲ. ನಾನು ಉಳಿದ ಬಂಡಾರವನ್ನು ಪೊಟ್ಟಣ ಕಟ್ಟಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಮುದುಕಿ ಯಾರಿಗೂ ಫೋನ್ ಮಾಡಲಿಲ್ಲ. ಒಂದು ಲೋಟ ನೀರು ತಂದು ಇವರ ಕೈಗೆ ಕೊಟ್ಟಳು.

ಬಸ್ಸಿನ ಕಡೆ ಇಳಿಯುವ ದಾರಿಯಲ್ಲಿ ಹಳೆಯ ಕಲ್ಲಿನ ಸೇತುವೆ. ಕೆಳಗೆ ಹಸಿರು ನೀರು ಬೆಟ್ಟವನ್ನು ಬಳಸಿ ಹರಿಯುತ್ತಿತ್ತು. ಕಾಪನ್ನು ಹರಿಯುವ ನೀರಿಗೇ ಬಿಡಬೇಕು. ಅವರು ಕೈ ಚಾಚಿದರು, ನಾನು ಗಂಟು ಬಿಚ್ಚಿದೆ. ಹಳದಿ ದಾರ ಗಾಳಿಯಲ್ಲಿ ಒಮ್ಮೆ ಸುತ್ತಿ ನೀರಿಗಿಳಿಯಿತು. ಆಗಲೇ ಫೋನ್ ಮತ್ತೆ ಗುಂಯ್ ಎಂದಿತು. ಇಬ್ಬರೂ ತಲೆ ಬಗ್ಗಿಸಿ ನೋಡಿದೆವು. ಕಳಶ ಗುಡಿಯ ಬಾಗಿಲಲ್ಲಿತ್ತು, ಮುಂದೆ ಬಾಲು ಎದೆಯ ತುಂಬ ಬಂಡಾರ ಮೆತ್ತಿಕೊಂಡು ಕುಣಿಯುತ್ತಿದ್ದ.

ನಮ್ಮವರು ಎಷ್ಟೋ ಹೊತ್ತು ಆ ಸಣ್ಣ ಪರದೆಯನ್ನೇ ನೋಡಿದರು. "ನಾನಿಲ್ದೇನೂ ಬಂದ್ಬುಟ್ಲು" ಎಂದರು. ನೋವಿತ್ತು ಅದರಲ್ಲಿ, ಹಗುರವೂ ಇತ್ತು.

"ಅವಳು ಬತ್ತಾಳೆ" ಎಂದೆ. "ಅವಳಿಗೆ ಊರು ತುಂಬ ಮಕ್ಳು. ನೀವಿಲ್ದೆ ನಾನೆಲ್ಲಿಗೆ ಓಗ್ಲಿ?"

ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಅಂಥ ಮಾತು ಆಡಿದ್ದು ಅದೇ ಮೊದಲು. ಆಡಿ ನಾಚಿಕೆಯಾಗಿ ನೀರಿನ ಕಡೆ ತಿರುಗಿದೆ. ದೂರದಲ್ಲಿ ಹಳದಿ ಕೊಡೆ ಅಲ್ಲಾಡುತ್ತಿತ್ತು, ಸರಸ್ವತಿ ಅಕ್ಕನ ದನಿ ನಮ್ಮನ್ನು ಕೂಗುತ್ತಿತ್ತು. ಪಕ್ಕದಿಂದ ಒಂದು ಕೈ ನನ್ನ ಮುಂದೆ ಬಂತು. ಮಣಿಕಟ್ಟಿನಲ್ಲಿ ದಾರದ ಹಳದಿ ಗುರುತು, ಅಂಗೈ ಬರಿದು.

"ಮಾತ್ರೆ ಕೊಡು, ಅಮ್ಮಿಣಿ."